ಕಡಲ ನಡುವಣ ಮನೆಯ ಕಥಾಶ್ರವಣ

ನಮ್ಮ ಹಿರಿಯರಲ್ಲಿ ಬಹುಮಂದಿ ಕಾವ್ಯವನ್ನು ಕಿವಿಯಿಂದ ಅರಿತವರು. ಸಂಜೆಯ ದೀಪ ಹಚ್ಚಿದ ಮೇಲೆ ದೇವಸ್ಥಾನದ ಪ್ರಾಂಗಣದಲ್ಲಿಯೋ ಅನುಕೂಲಸ್ಥರೊಬ್ಬರ ಮನೆಯ ಜಗಲಿಯ ಮೇಲೋ ಗಮಕಿಯು ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನಾಗಲಿ ರಾಗವಾಗಿ ವಾಚಿಸುವನು. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಪದ್ಯದ ಅರ್ಥವನ್ನು ಬಿಡಿಸಿ ಹೇಳುವನು. ಓದು ಬಲ್ಲವರೂ ಬಾರದವರೂ ಮೈಯೆಲ್ಲ ಕಿವಿಯಾಗಿ ಕುಳಿತಿರುವರು. ಭೀಮನ ಆರ್ಭಟವೂ ದ್ರೌಪದಿಯ ಅಳಲೂ ಉತ್ತರಕುಮಾರನ ಬಡಾಯಿಯೂ ಒಂದೇ ಕಂಠದಿಂದ ಹೊರಡಬೇಕು. ಆ ಕಂಠಕ್ಕೆ ಶಕ್ತಿಯಿದ್ದರೆ ಕೇಳುವವರ ಕಣ್ಣೆದುರಿಗೆ ಹಸ್ತಿನಾವತಿಯೇ ಬಂದು ನಿಲ್ಲುವುದು. ಇಲ್ಲದಿದ್ದರೆ ಜಗಲಿಯ ಮೇಲಿನವರು ಒಬ್ಬೊಬ್ಬರಾಗಿ ಆಕಳಿಸತೊಡಗುವರು.

ಈ ಮಾತನ್ನು ಮೊದಲಿಗೇ ಎತ್ತುವುದಕ್ಕೆ ಕಾರಣವಿದೆ. ಪುಸ್ತಕವನ್ನು ಕೇಳುವುದೆಂದರೆ ಸೋಮಾರಿಗಳ ಕೆಲಸ, ಓದುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ಅಂಥವರು ಕನ್ನಡಿಗರಾದರೆ ತಮ್ಮ ಅಜ್ಜಿಯರನ್ನು ಮರೆತವರೆಂದೇ ಹೇಳಬೇಕು. ಇಂದು ಆಡಿಯೋ ಪುಸ್ತಕವೆಂದು ಕರೆಯಲ್ಪಡುವ ವಸ್ತುವಿನ ಹುಟ್ಟನ್ನು ವಿಚಾರಿಸಿದರೂ ಸೋಮಾರಿಗಳು ಅಲ್ಲೆಲ್ಲಿಯೂ ಕಾಣಬರುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಸೈನಿಕರು, ವಯಸ್ಸಾದ ಮೇಲೆ ಕಣ್ಣು ಮಂಜಾಗಿ ಬ್ರೈಲ್ ಲಿಪಿಯನ್ನು ಹೊಸದಾಗಿ ಬೆರಳಿಗೆ ಕಲಿಸಲಾರದವರು, ಇಂತಹವರ ಸಲುವಾಗಿ ಅಮೆರಿಕದಲ್ಲಿ 1934ರಲ್ಲಿಯೂ ಇಂಗ್ಲೆಂಡಿನಲ್ಲಿ 1935ರಲ್ಲಿಯೂ ಪುಸ್ತಕಗಳನ್ನು ಗ್ರಾಮೊಫೋನ್ ಪ್ಲೇಟುಗಳಿಗೆ ಓದಿಸಿ ಮನೆಮನೆಗೆ ಕಳುಹಿಸುವ ಏರ್ಪಾಡಾಯಿತು. ಇಂಗ್ಲೆಂಡಿನಲ್ಲಿ ಮೊಟ್ಟಮೊದಲು ಹೊರಟ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿಯೂ ಒಂದಾಗಿತ್ತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಕಣ್ಣಿಲ್ಲದವನಿಗೂ ಕೊಲೆಗಾರನು ಯಾರೆಂಬ ಕುತೂಹಲ ಇರುವುದಷ್ಟೆ! ಪ್ಲೇಟುಗಳು ಹೋಗಿ ಕ್ಯಾಸೆಟ್ಟುಗಳು ಬಂದುವು. ಕ್ಯಾಸೆಟ್ಟು ಹೋಗಿ ಸೀಡಿ ಬಂದಿತು. ಈಗ ಅಂಗೈಯಗಲದ ಫೋನಿನಲ್ಲಿ ಒಂದು ಪುಸ್ತಕಭಂಡಾರವೇ ಅಡಗಿ ಕುಳಿತು, ಬೇಕೆಂದಾಗ ಮಾತನಾಡತೊಡಗುತ್ತದೆ. ಕನ್ನಡದ ಕಥೆ ಕಾದಂಬರಿಗಳೂ ಈ ರೂಪದಲ್ಲಿ ದೊರೆಯುತ್ತಿವೆ.

ಈ ಲೇಖನದಲ್ಲಿ ಓದುಗರಿಗೆ ಪರಿಚಯ ಮಾಡಿಕೊಡಬೇಕೆಂದಿರುವ ಕಥೆಯಾದರೋ ಇಂಗ್ಲಿಷಿನದು. ‘ದ ಹೌಸ್ ಇನ್ ದ ಸೆರೂಲಿಯನ್ ಸೀ’ ಎಂದು ಅದರ ಹೆಸರು; ನೀಲಿ ಕಡಲ ನಡುವಣ ಮನೆ ಎಂದು ಕನ್ನಡಿಸಬಹುದು. ಬರೆದವರು ಅಮೆರಿಕದ ಟಿ. ಜೆ. ಕ್ಲೂನ್. ಪುಸ್ತಕವು ಪ್ರಕಟವಾದುದು 2020ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ. ಎಂದರೆ ಕೋವಿಡ್ ರೋಗಕ್ಕೆ ಅಂಜಿ ದೇಶದೇಶಗಳ ಜನರು ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತ ಆ ತಿಂಗಳಿನಲ್ಲಿಯೇ. ಮನೆಯೆಂದರೇನು, ಮನೆಯವರೆಂದರೆ ಯಾರು ಎಂಬುದೇ ವಸ್ತುವಾಗಿರುವ ಕಥೆಗೆ ಅದಕ್ಕಿಂತ ತಕ್ಕ ಕಾಲವು ಒದಗುವಂತಿರಲಿಲ್ಲ. 2021ರಲ್ಲಿ ಇದಕ್ಕೆ ಮಿಥೊಪೊಯಿಕ್ ಪ್ರಶಸ್ತಿಯೂ, ದೊಡ್ಡವರಿಗಾಗಿ ಬರೆದಿದ್ದರೂ ಹರೆಯದವರಿಗೂ ಮೆಚ್ಚಿಕೆಯಾಗುವ ಪುಸ್ತಕಗಳಿಗೆ ಅಮೆರಿಕದ ಗ್ರಂಥಾಲಯ ಸಂಘದವರು ಕೊಡುವ ಅಲೆಕ್ಸ್ ಪ್ರಶಸ್ತಿಯೂ ಬಂದುವು. ಧ್ವನಿರೂಪದಲ್ಲಿ ಇದನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಓದಿದ್ದಾರೆ; ಅವರ ಹೆಸರು ಡೇನಿಯಲ್ ಹೆನಿಂಗ್. ಪೂರ್ತಿಯಾಗಿ ಕೇಳುವುದಕ್ಕೆ ಸುಮಾರು 12 ಗಂಟೆಗಳ ಕಾಲ ಹಿಡಿಯುವುದು.

ಕಥಾನಾಯಕನಾದ ಲೈನಸ್ ಬೇಕರನು ವೀರನೂ ಅಲ್ಲ, ರೂಪವಂತನೂ ಅಲ್ಲ. ವಯಸ್ಸು ನಲವತ್ತು, ಹೊಟ್ಟೆಯು ಸ್ವಲ್ಪ ಮುಂದಕ್ಕೆ ಬಂದಿದೆ. ಮಾಂತ್ರಿಕ ಶಕ್ತಿಯುಳ್ಳ ಮಕ್ಕಳ ಮೇಲ್ವಿಚಾರಣೆಗೆಂದು ಅಲ್ಲಿ ಸರ್ಕಾರದ ಒಂದು ಇಲಾಖೆಯುಂಟು. ಅದರಲ್ಲಿ ಆತನು ಹದಿನೇಳು ವರ್ಷಗಳಿಂದ ತನಿಖೆಯ ನೌಕರ. ಅನಾಥಾಲಯಗಳಿಗೆ ಹೋಗುವುದು, ಮಕ್ಕಳಿಗೆ ಊಟ ಬಟ್ಟೆ ಸರಿಯಾಗಿವೆಯೆ ಎಂದು ನೋಡುವುದು, ನಿಯಮಾವಳಿಯ ದಪ್ಪನೆಯ ಪುಸ್ತಕವನ್ನು ತಿರುವಿಹಾಕಿ ವರದಿಯನ್ನು ಬರೆಯುವುದು, ಇಷ್ಟೇ ಅವನ ಬಾಳು. ಊರಿನಲ್ಲಿ ಸದಾ ಮಳೆ; ಅವನಿಗೆ ಕೊಡೆ ತರುವ ನೆನಪೇ ಇರುವುದಿಲ್ಲ. ಮನೆಯಲ್ಲಿ ಕ್ಯಾಲಿಯೊಪೆ ಎಂಬ ಜಂಬದ ಬೆಕ್ಕೊಂದು, ಹಿತ್ತಿಲಿನಲ್ಲಿ ನಾಲ್ಕು ಸೂರ್ಯಕಾಂತಿಯ ಗಿಡಗಳು, ರಾತ್ರಿಗೆ ಗ್ರಾಮೊಫೋನಿನ ಹಳೆಯ ಹಾಡುಗಳು. ಒಳ್ಳೆಯ ಮನುಷ್ಯನೇ, ಆದರೆ ಒಳ್ಳೆಯತನವನ್ನು ಫೈಲಿನೊಳಗಿಟ್ಟು ದಾರ ಕಟ್ಟಿದವನು. ತಾನು ವರದಿ ಬರೆದು ಮುಚ್ಚಿಸಿದ ಅನಾಥಾಲಯಗಳ ಮಕ್ಕಳು ಆಮೇಲೆ ಎಲ್ಲಿಗೆ ಹೋದರು ಎಂದು ಆತನು ಒಮ್ಮೆಯಾದರೂ ವಿಚಾರಿಸಿದವನಲ್ಲ. ಗ್ರಂಥಕರ್ತರು ತಾವೂ ಹಿಂದೆ ವಿಮಾ ಕಂಪನಿಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ನೌಕರಿಯಲ್ಲಿದ್ದವರು. ಆಫೀಸಿನ ಆ ಮೇಜುಗಳ ಸಾಲು, ಮೇಲಧಿಕಾರಿಯ ಬೂಟಿನ ಸದ್ದಿಗೆ ಎಲ್ಲರೂ ತಲೆ ತಗ್ಗಿಸುವ ಪರಿ, ತಪ್ಪುಗಳ ಲೆಕ್ಕವಿಡುವ ಪುಸ್ತಕ, ಇವುಗಳ ವರ್ಣನೆಯಲ್ಲಿ ಅನುಭವಸ್ಥನ ಕೈ ಕಾಣುತ್ತದೆ. ನಮ್ಮ ದೇಶದಲ್ಲಿಯೂ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಭಾಗವನ್ನು ಕೇಳಿ ನಗು ಬಾರದಿರದು.

ಒಂದು ದಿನ ಈತನಿಗೆ ಅತ್ಯುನ್ನತಾಧಿಕಾರಿಗಳ ಸಭೆಯಿಂದ ಕರೆ ಬರುತ್ತದೆ. ಮಾರ್ಸಿಯಸ್ ಎಂಬ ದ್ವೀಪದಲ್ಲಿ ಗುಟ್ಟಾಗಿ ನಡೆಯುತ್ತಿರುವ ಅನಾಥಾಲಯವೊಂದಕ್ಕೆ ಹೋಗಿ ಒಂದು ತಿಂಗಳು ತಂಗಿದ್ದು, ವಾರಕ್ಕೊಂದರಂತೆ ವರದಿಯನ್ನು ಕಳುಹಿಸಬೇಕು. ಅಲ್ಲಿಯ ಆರು ಮಕ್ಕಳು ಎಲ್ಲೆಡೆಯ ಮಕ್ಕಳಿಗಿಂತಲೂ ಅಪಾಯಕಾರಿಗಳೆಂದು ಸರ್ಕಾರದ ತಿಳುವಳಿಕೆ. ಆ ಮನೆಯು ಉಳಿಯಬೇಕೋ ಮುಚ್ಚಬೇಕೋ ಎಂಬುದು ಲೈನಸನ ಲೇಖನಿಯ ತುದಿಯಲ್ಲಿದೆ.

ಇನ್ನು ಆ ಮಕ್ಕಳನ್ನು ನೋಡಿರಿ. ತಾಲಿಯಾ ಎಂಬವಳು ಕುಳ್ಳದೇವತೆಗಳ ಜಾತಿಯವಳು. ವಯಸ್ಸು ಇನ್ನೂರು ದಾಟಿದ್ದರೂ ಅವರ ಲೆಕ್ಕದಲ್ಲಿ ಇನ್ನೂ ಹುಡುಗಿ. ಗಡ್ಡವುಂಟು; ತನ್ನ ಹೂದೋಟವೆಂದರೆ ಪ್ರಾಣ; ಬಂದ ಅತಿಥಿಯನ್ನು ಗುದ್ದಲಿಯಿಂದ ಹೊಡೆದು ಅದೇ ತೋಟದಲ್ಲಿ ಹೂಳುವೆನೆಂದು ಮೊದಲ ಭೇಟಿಯಲ್ಲಿಯೇ ತಿಳಿಸುತ್ತಾಳೆ. ಫೀ ಎಂಬವಳು ವನದೇವತೆ. ರೆಕ್ಕೆಯುಳ್ಳವಳು, ಗಿಡಮರಗಳು ಅವಳ ಮಾತನ್ನು ಕೇಳುತ್ತವೆ. ಥಿಯೊಡೋರನು ಎರಡು ಕಾಲಿನ ಪುಟ್ಟ ಘಟಸರ್ಪ. ನಿಧಿಯನ್ನು ಕಾಯುವುದು ಅವನ ಕುಲಧರ್ಮವಾದರೂ ಅವನು ಕೂಡಿಡುವ ನಿಧಿಯೆಂದರೆ ಅಂಗಿಯ ಗುಂಡಿಗಳು. ಚಾನ್ಸಿಯು ಯಾವ ಜಾತಿಯ ಜೀವಿಯೆಂದು ಯಾರಿಗೂ ಗೊತ್ತಿಲ್ಲ. ಹಸುರು ಬಣ್ಣದ ಮುದ್ದೆಯಂತಹ ಮೈ, ಕಡ್ಡಿಯ ತುದಿಯಲ್ಲಿ ಕಣ್ಣುಗಳು. ಅವನ ಜೀವಮಾನದ ಆಸೆಯೋ ಹೋಟೆಲಿನಲ್ಲಿ ಬಂದವರ ಪೆಟ್ಟಿಗೆಗಳನ್ನು ಹೊರುವ ಸಮವಸ್ತ್ರದ ಆಳಾಗಬೇಕೆಂಬುದು. ಸಾಲ್ ಎಂಬ ಹದಿನಾಲ್ಕರ ಹುಡುಗನು ಮೈಕಟ್ಟಿನಲ್ಲಿ ಎಲ್ಲರಿಗಿಂತ ದೊಡ್ಡವನು. ಆದರೆ ಹೆದರಿಕೆಯಾದೊಡನೆಯೇ ಅಂಗೈಯಗಲದ ಬೊಚ್ಚು ನಾಯಿಮರಿಯಾಗಿ ಬಟ್ಟೆಯ ರಾಶಿಯೊಳಗೆ ನಡುಗುತ್ತ ನಿಲ್ಲುವನು. ಅನಾಥಾಲಯದಿಂದ ಅನಾಥಾಲಯಕ್ಕೆ ಅಟ್ಟಿಸಿಕೊಂಡು ಬಂದ ಈ ಹುಡುಗನು ಕವಿ. ಆರನೆಯವನು ಲ್ಯೂಸಿ, ಆರು ವರ್ಷದ ಪೋರ. ಕ್ರೈಸ್ತರು ಲೋಕವನ್ನೇ ಹಾಳುಮಾಡುವನೆಂದು ಹೆದರುವ ಸೈತಾನನ ಕುಮಾರನು ಇವನೇ ಅಂತೆ! ಎಲ್ಲರನ್ನೂ ಸುಟ್ಟು ಬೂದಿಮಾಡುವೆನೆಂದು ಉಲ್ಲಾಸದಿಂದ ಹೇಳುವುದು, ಆಮೇಲೆ ಹಳೆಯ ಹಾಡಿನ ಪ್ಲೇಟು ಹಾಕಿ ಕುಣಿಯುವುದು, ರಾತ್ರಿ ಕೆಟ್ಟ ಕನಸು ಕಂಡು ಚೀರುವುದು, ಇದು ಅವನ ದಿನಚರಿ.

ಇವರೆಲ್ಲರನ್ನೂ ಸಾಕುತ್ತಿರುವವನು ಆರ್ಥರ್ ಪಾರ್ನಾಸಸ್. ತೆಳ್ಳನೆಯ, ಎತ್ತರದ ಆಳು. ಷರಾಯಿಯು ಯಾವಾಗಲೂ ಗಿಡ್ಡವಾಗಿ, ಕೆಳಗೆ ಬಣ್ಣಬಣ್ಣದ ಕಾಲುಚೀಲಗಳು ಇಣುಕುತ್ತಿರುತ್ತವೆ. ಅವನಿಗೂ ಒಂದು ಗುಟ್ಟುಂಟು. ಅದನ್ನು ಇಲ್ಲಿ ಬಯಲುಮಾಡಿದರೆ ಕೇಳುವವರ ಸುಖವನ್ನು ಕಸಿದುಕೊಂಡಂತಾಗುವುದಾದುದರಿಂದ ಬಿಟ್ಟಿದ್ದೇನೆ.

ಇಷ್ಟೊಂದು ವಿಚಿತ್ರ ಜೀವಿಗಳನ್ನು ಕಾಗದದ ಮೇಲೆ ಓದುವಾಗ ಮನಸ್ಸು ಅವರನ್ನು ಚಿತ್ರವಾಗಿ ಕಾಣಲು ಹೆಣಗಾಡುತ್ತದೆ. ಹಸುರು ಮುದ್ದೆಗೆ ಬಾಯಿಯೆಲ್ಲಿ? ಘಟಸರ್ಪವು ಊಟದ ಮೇಜಿನ ಬಳಿ ಕುಳಿತುಕೊಳ್ಳುವುದು ಹೇಗೆ? ಕಿವಿಗೆ ಈ ತೊಡಕಿಲ್ಲ. ಹೆನಿಂಗರ ಓದಿನಲ್ಲಿ ಒಬ್ಬೊಬ್ಬ ಮಗುವಿಗೂ ಬೇರೆಬೇರೆ ದನಿಯಿದೆ. ನಾಲ್ಕು ಅಧ್ಯಾಯ ಕಳೆಯುವುದರೊಳಗಾಗಿ ಹೆಸರನ್ನು ಹೇಳದಿದ್ದರೂ ಮಾತನಾಡಿದವರು ಯಾರೆಂದು ತಿಳಿದುಹೋಗುವುದು. ಆರು ಮಕ್ಕಳು ಒಟ್ಟಿಗೆ ಕೂಗಾಡುವ ಊಟದ ಹೊತ್ತಿನ ಪ್ರಸಂಗವನ್ನು ಒಬ್ಬ ಮನುಷ್ಯನು ಒಂದೇ ಬಾಯಿಂದ ಆಡಿ ತೋರಿಸಬೇಕಾದರೆ ಎಂತಹ ಅಭ್ಯಾಸವಿರಬೇಕೆಂದು ಯೋಚಿಸಿರಿ. ಬೇರೆಬೇರೆ ನಟರನ್ನು ಕೂಡಿಸಿ ನಾಟಕದಂತೆ ಆಡಿಸಿದ ಆಡಿಯೋ ಪುಸ್ತಕಗಳೂ ಉಂಟು. ಆದರೆ ಈ ಕಥೆಗೆ ಒಂಟಿ ಕಂಠವೇ ಮೇಲೆಂದು ನನ್ನ ಅಭಿಪ್ರಾಯ. ರಕ್ತಸಂಬಂಧದ ಎಳೆಯೊಂದೂ ಇಲ್ಲದೆ ಎಲ್ಲೆಲ್ಲಿಂದಲೋ ಬಂದು ಸೇರಿದ ಎಂಟೊಂಬತ್ತು ಜೀವಗಳು ಒಬ್ಬನದೇ ಉಸಿರಿನಿಂದ ಹೊರಡುತ್ತಿರುವಾಗ, ಇವರೆಲ್ಲರೂ ಒಂದು ಮನೆಯವರೆಂಬುದು ಕೇಳುವವರಿಗೆ ಲೈನಸನಿಗಿಂತ ಮೊದಲೇ ತಿಳಿದುಬಿಡುತ್ತದೆ. ನಡುವೆ ಬರುವ ವಾರದ ವರದಿಗಳನ್ನೂ ಗಮನವಿಟ್ಟು ಕೇಳಬೇಕು. ಮೊದಲನೆಯದು ಒಣ ಕಡ್ಡಿಯ ಹಾಗಿದೆ. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ವಾಕ್ಯ ತಡವರಿಸುತ್ತದೆ. ಮುಂದೆ ಹೋದಂತೆ ಸರ್ಕಾರಿ ಭಾಷೆಯ ಹೊಲಿಗೆ ಬಿಚ್ಚಿ, ಒಳಗಿನ ಮನುಷ್ಯನು ಕಾಣಿಸಿಕೊಳ್ಳುವನು.

ನಮ್ಮ ಮನೆಯಲ್ಲಿ ಈ ಕಥಾಶ್ರವಣವು ನಡೆದ ರೀತಿಯನ್ನು ಹೇಳಿದರೆ ಅಪ್ರಕೃತವಾಗಲಾರದು. ಎಪ್ಪತ್ತೆಂಟು ವರ್ಷದ ನನ್ನ ಸೋದರತ್ತೆಯವರು ಚಳಿಗಾಲದಲ್ಲಿ ನಮ್ಮೊಡನೆ ಬಂದಿದ್ದರು. ಇಂಗ್ಲಿಷು ಬಾರದು, ಕಣ್ಣಿಗೆ ಪೊರೆಯ ಚಿಕಿತ್ಸೆಯಾಗಿ ಓದಕೂಡದೆಂದು ವೈದ್ಯರ ಅಪ್ಪಣೆ. ಸಂಜೆ ಅವರೆಕಾಯಿ ಬಿಡಿಸುತ್ತ ಕುಳಿತಾಗ ನಾನು ಫೋನನ್ನು ನಡುವೆ ಇಟ್ಟು, ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ನಿಲ್ಲಿಸಿ, ಕನ್ನಡದಲ್ಲಿ ಅರ್ಥ ಹೇಳುತ್ತ ಬಂದೆನು. ಹೆನಿಂಗರು ಗಮಕಿಗಳು, ನಾನು ವ್ಯಾಖ್ಯಾನಕಾರಳು! ದಿನಕ್ಕೆ ಅರ್ಧ ಗಂಟೆಯ ಕಥೆ, ವ್ಯಾಖ್ಯಾನ ಸೇರಿ ಒಂದು ಗಂಟೆ. ಹೀಗೆ ಇಪ್ಪತ್ತನಾಲ್ಕು ದಿನ ನಡೆಯಿತು. ಲೈನಸನು ದ್ವೀಪದಲ್ಲಿದ್ದುದೂ ಹೆಚ್ಚು ಕಡಮೆ ಅಷ್ಟೇ ದಿನವಲ್ಲವೆ? ಅತ್ತೆಯವರಿಗೆ ಆ ಹಸುರು ಮಗುವಿನ ಮೇಲೆ ವಿಪರೀತ ಅಕ್ಕರೆ ಹುಟ್ಟಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ, “ಏನೇ, ಇವತ್ತಾದರೂ ಅವನಿಗೆ ಹೋಟೆಲಿನ ಟೋಪಿ ಸಿಕ್ಕುತ್ತದೇನೇ?” ಎಂದು ಕೇಳುವರು. ಗಡ್ಡದ ಹುಡುಗಿಯ ವಿಷಯದಲ್ಲಿ ಮಾತ್ರ ಕೊನೆಯವರೆಗೂ ಅವರಿಗೆ ಸಮಾಧಾನವಾಗಲಿಲ್ಲ.

ಕಥೆಯು ಮುಂದುವರಿದಂತೆ ಲೈನಸನಿಗೂ ಆರ್ಥರನಿಗೂ ಪ್ರೇಮ ಬೆಳೆಯುತ್ತದೆ. ಇದನ್ನು ಹೇಳುವಾಗ ಹಲವರು ಸ್ನೇಹವೆಂದೋ ಒಡನಾಟವೆಂದೋ ಮಾತನ್ನು ತೇಲಿಸುವುದುಂಟು. ಪುಸ್ತಕದಲ್ಲಿ ಅಂತಹ ತೇಲಿಕೆಯಿಲ್ಲ. ಗಂಡು ಗಂಡನ್ನು ಒಲಿದ ಕಥೆಯಿದು, ಸಲಿಂಗ ಪ್ರೇಮದ ಕಥೆ. ಆದರೆ ಈ ಪ್ರೇಮದ ನಡಿಗೆ ಬಹು ನಿಧಾನ. ಊಟದ ತಟ್ಟೆಯನ್ನು ದಾಟಿಸುವಾಗಿನ ಒಂದು ನೋಟ, ಕಾಲುಚೀಲದ ಬಣ್ಣದ ಮೇಲೆ ಒಂದು ಮಾತು, ಮಲಗುವ ಮುನ್ನ ಹಳೆಯ ಹಾಡೊಂದನ್ನು ಒಟ್ಟಿಗೆ ಕೇಳುವುದು. ಮನಸ್ಸಿನಲ್ಲಿದ್ದುದು ನಾಲಗೆಗೆ ಬರುವುದರೊಳಗೆ ಪುಸ್ತಕದ ಮುಕ್ಕಾಲು ಪಾಲು ಕಳೆದುಹೋಗುವುದು. ಗ್ರಂಥಕರ್ತರ ಜಾಣತನವು ಇನ್ನೊಂದೆಡೆಯಲ್ಲಿಯೂ ಕಾಣುತ್ತದೆ. ಆ ಲೋಕದಲ್ಲಿ ಇಬ್ಬರು ಗಂಡಸರ ಪ್ರೇಮವನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ಜನರ ಅಂಜಿಕೆಯೂ ಅಸಹ್ಯವೂ ಪೂರ್ತಿಯಾಗಿ ಆ ಮಕ್ಕಳ ಮೇಲೆ ಬಿದ್ದಿವೆ. ಹಳ್ಳಿಯಲ್ಲಿ ಮಗುವಿಗೆ ಐಸ್ ಕ್ರೀಮು ಮಾರುವುದಿಲ್ಲವೆನ್ನುವ ಅಂಗಡಿಯವನನ್ನು ಕಂಡು ನಮಗೆ ಸಿಟ್ಟು ಬರುತ್ತದೆ. ಬಂದ ಮೇಲೆ, ಈ ಸಿಟ್ಟನ್ನು ಬೇರೆ ಯಾವ ಯಾವ ಬಾಗಿಲಿನ ಮುಂದೆ ನಾವು ತಡೆದುಕೊಂಡಿದ್ದೇವೆ ಎಂಬ ಯೋಚನೆಯು ತಾನಾಗಿಯೇ ಹಿಂಬಾಲಿಸುತ್ತದೆ.

ಅತ್ತೆಯವರಿಗೆ ನಾನು ಇದ್ದುದನ್ನು ಇದ್ದಂತೆಯೇ ಹೇಳಿದೆನು: “ಅವರಿಬ್ಬರಿಗೂ ಪ್ರೀತಿಯಾಗಿದೆ ಅತ್ತೆ, ಗಂಡಹೆಂಡಿರ ಹಾಗೆ.” ಅವರ ಕೈ ಅವರೆಕಾಯಿಯ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ, “ಹಾಗಾದರೆ ತಿಂಗಳು ಮುಗಿದು ಆ ಬೆಕ್ಕಿನವನು ಊರಿಗೆ ಹೊರಟುಹೋದರೆ ಮಕ್ಕಳ ಗತಿಯೇನೇ?” ಎಂದರು. ಮರುದಿನವೂ ಕಥೆಯನ್ನು ಕೇಳಿದರು. ನಾಲ್ಕಾರು ದಿನ ಕಳೆದ ಮೇಲೆ ದೀಪವಾರಿಸುವ ಹೊತ್ತಿನಲ್ಲಿ, ನಾನು ಕೇಳದೆಯೇ, ನಮ್ಮ ದಾಯಾದಿಗಳ ಪೈಕಿ ಒಬ್ಬನ ಸುದ್ದಿಯನ್ನು ಎತ್ತಿದರು. ಮೂವತ್ತು ವರ್ಷಗಳ ಹಿಂದೆ ಮದುವೆ ಬೇಡವೆಂದು ಹೇಳಿ, ಹಿರಿಯರಿಂದ ಬೈಸಿಕೊಂಡು, ಮುಂಬಯಿಗೆ ಹೋದವನು. ಅವನ ಹೆಸರನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. “ಅವನಿಗೆ ಕಾಯಿಲೆ ಕಸಾಲೆಯಾದರೆ ಒಂದು ಲೋಟ ನೀರು ಕೊಡುವವರು ಅಲ್ಲಿ ಯಾರಾದರೂ ಇದ್ದಾರೋ ಏನೋ. ಇದ್ದರೆ ಸಾಕು” ಎಂದಷ್ಟೇ ಹೇಳಿ ಮಗ್ಗುಲಾದರು.

ನೀರು ಕೊಡುವವರು ಯಾರು ಎಂಬುದೇ ಇಂತಹ ಕಥೆಗಳೆಲ್ಲದರ ಬೇರಿನಲ್ಲಿರುವ ಪ್ರಶ್ನೆ. ಹುಟ್ಟಿದ ಮನೆಯ ಬಾಗಿಲು ಮುಚ್ಚಿದ ಮೇಲೆ ತಾವಾಗಿ ಕೂಡಿಸಿಕೊಂಡ ಬಂಧುಗಳನ್ನು ಇಂಗ್ಲಿಷಿನವರು ಕಂಡುಕೊಂಡ ಕುಟುಂಬವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಕಟ್ಟಿಕೊಂಡ ಕುಟುಂಬವೆಂದರೆ ನಮ್ಮ ನುಡಿಗೆ ಇನ್ನೂ ಒಪ್ಪುವುದೇನೋ. ಇದು ಕೇವಲ ಕಥೆಗಾರರ ಕಲ್ಪನೆಯಲ್ಲ. ಕ್ಯಾತ್ ವೆಸ್ಟನ್ ಎಂಬ ಮಾನವಶಾಸ್ತ್ರಜ್ಞೆಯು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಸಲಿಂಗಪ್ರೇಮಿಗಳ ನೆಂಟಸ್ತನಗಳನ್ನು ಕುರಿತು ಅಭ್ಯಾಸ ಮಾಡಿ 1991ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನಾವೇ ಆರಿಸಿಕೊಳ್ಳುವ ಕುಟುಂಬಗಳು ಎಂದೇ ಅದರ ಹೆಸರಿನ ತಾತ್ಪರ್ಯ. 1980ರ ದಶಕದಲ್ಲಿ ಏಡ್ಸ್ ರೋಗವು ಆ ನಗರದ ಮೇಲೆರಗಿದಾಗ ಎಷ್ಟೋ ರೋಗಿಗಳ ಹಾಸಿಗೆಯ ಬಳಿ ಉಳಿದವರು ಒಡಹುಟ್ಟಿದವರಲ್ಲ. ಗೆಳೆಯರು, ಗೆಳತಿಯರು, ಹಿಂದೊಮ್ಮೆ ಪ್ರೀತಿಸಿ ಅಗಲಿದವರು. ಗಂಜಿ ಕಾಯಿಸಿದವರೂ ಅವರೇ, ಮಣ್ಣಿಗೆ ಹೊತ್ತವರೂ ಅವರೇ.

ಕನ್ನಡಿಗರಿಗೂ ಈ ವಿಷಯವು ಅಪರಿಚಿತವಲ್ಲ. ತಮಿಳುನಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಹುಕಾಲ ದುಡಿದ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದಾರೆ. ಅದು ರಂಗದ ಮೇಲೂ ಬಂದು ಅನೇಕ ಊರುಗಳಲ್ಲಿ ಆಡಲ್ಪಟ್ಟಿತು. ಹೆತ್ತವರಿಂದ ಹೊಡೆತ ತಿಂದು ಹೊರಬಿದ್ದವರಿಗೆ ಹಿಜ್ರಾ ಸಮುದಾಯದಲ್ಲಿ ಗುರುವೂ ತಾಯಿಯೂ ಮಗಳೂ ದೊರೆಯುವ ಬಗೆಯನ್ನು, ಅಲ್ಲಿಯ ಅಕ್ಕರೆಯೊಡನೆ ಅಲ್ಲಿಯ ಕಟ್ಟುನಿಟ್ಟನ್ನೂ ಮುಚ್ಚಿಡದೆ, ಆ ಪುಸ್ತಕದಲ್ಲಿ ಕಾಣಬಹುದು. ವಸುಧೇಂದ್ರರ ‘ಮೋಹನಸ್ವಾಮಿ’ಯು 2013ರಲ್ಲಿ ಪ್ರಕಟವಾದಾಗ ಸಲಿಂಗಪ್ರೇಮಿಯಾದ ಕನ್ನಡ ಹುಡುಗನೊಬ್ಬನ ಒಂಟಿತನವನ್ನು ನಮ್ಮ ಮಾತಿನಲ್ಲಿಯೇ ಕೇಳುವಂತಾಯಿತು. ಕ್ಲೂನರ ಕಥೆಯಲ್ಲಿರುವ ಸಕ್ಕರೆ ಈ ಎರಡರಲ್ಲಿಯೂ ಇಲ್ಲ.

ಕಾನೂನಿನ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ವಯಸ್ಕರಾದ ಇಬ್ಬರು ಒಪ್ಪಿ ನಡೆಸುವ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2018ನೆಯ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಅಂತಹವರ ವಿವಾಹಕ್ಕೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ, ಶಾಸನಸಭೆಯದು ಎಂದು 2023ನೆಯ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಹೇಳಿತು. ಮದುವೆಯಿಲ್ಲದ ಜೋಡಿಗಳು ಕೂಡಿ ಮಗುವನ್ನು ದತ್ತು ತೆಗೆದುಕೊಳ್ಳುವ ಹಕ್ಕೂ ಅಂದು ಬಹುಮತದಿಂದ ನಿರಾಕರಿಸಲ್ಪಟ್ಟಿತು. ಕಾದಂಬರಿಯ ಕೊನೆಯಲ್ಲಿ ದತ್ತಕದ ಕಾಗದಪತ್ರಗಳ ಮಾತು ಬಂದಾಗ ನಮ್ಮಲ್ಲಿಯ ಕೇಳುಗರಿಗೆ, ಘಟಸರ್ಪಕ್ಕಿಂತಲೂ ವನದೇವತೆಗಿಂತಲೂ ಇದೇ ದೂರದ ಮಾಯಾಲೋಕದ ಸಂಗತಿಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಕಥೆಯಲ್ಲಿ ದೋಷಗಳಿಲ್ಲವೆಂದಲ್ಲ. ಸಿಹಿಯು ಅಲ್ಲಲ್ಲಿ ಹೆಚ್ಚಾಗಿ, ಹೋಳಿಗೆಯ ಮೇಲೆ ಪಾಯಸ ಬಡಿಸಿದಂತಾಗಿದೆ. ವರ್ಷಗಟ್ಟಲೆ ದ್ವೇಷವನ್ನು ಸಾಕಿಕೊಂಡು ಬಂದ ಹಳ್ಳಿಯವರು ಒಂದೆರಡು ಅಧ್ಯಾಯಗಳಲ್ಲಿ ಕರಗಿಬಿಡುವುದು ನಂಬಿಕೆಗೆ ದೂರ. ಮೇಲಧಿಕಾರಿಗಳಂತೂ ಬೊಂಬೆಯಾಟದ ರಾಕ್ಷಸರು. ಇವಕ್ಕಿಂತ ಗುರುತರವಾದ ಆಕ್ಷೇಪಣೆಯೊಂದುಂಟು. ಕೆನಡಾ ದೇಶದಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ಸಾವಿರಾರು ಮಂದಿ ಮೂಲನಿವಾಸಿಗಳ ಮಕ್ಕಳನ್ನು ಅಧಿಕಾರಿಗಳು ತಾಯಿತಂದೆಗಳಿಂದ ಅಗಲಿಸಿ, ಬಹುಪಾಲು ಬಿಳಿಯರ ಮನೆಗಳಿಗೆ ಒಪ್ಪಿಸಿದರು. ಈ ಚರಿತ್ರೆಯನ್ನು ಓದಿದುದೂ ತಮ್ಮ ಕಾದಂಬರಿಗೆ ಒಂದು ಪ್ರೇರಣೆಯಾಯಿತೆಂದು ಕ್ಲೂನರು ಹೇಳಿದ್ದರು. ಅಷ್ಟು ದೊಡ್ಡ ದುಃಖದಿಂದ ಇಷ್ಟು ಮೆತ್ತನೆಯ ಕಥೆಯನ್ನು ಹೆಣೆಯಬಹುದೆ, ಅದೂ ಮಕ್ಕಳನ್ನು ಒಯ್ಯುವ ಇಲಾಖೆಯ ನೌಕರನನ್ನೇ ನಾಯಕನನ್ನಾಗಿ ಮಾಡಿ, ಎಂದು ಹಲವರು ಕೇಳಿದರು. ಆ ಪ್ರಶ್ನೆ ನ್ಯಾಯವಾದುದೇ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಈ ಕಾದಂಬರಿಯಲ್ಲಿ ಇಲ್ಲವೇ ಇಲ್ಲವೆಂಬುದನ್ನು ಒಮ್ಮೆ ಗಮನಿಸಿದ ಮೇಲೆ ಮರೆಯುವುದು ಸುಲಭವಲ್ಲ. ಇಷ್ಟಾದರೂ ಕಥೆಯನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅದಕ್ಕೆ ಸಾಲನ ಪ್ರಸಂಗವೊಂದೇ ಸಾಕು. ಪೆಟ್ಟು ತಿಂದು ತಿಂದು ಹೆದರಿದ ಆ ಹುಡುಗನು ತನ್ನ ಬರೆಯುವ ಮೇಜನ್ನು ಬಟ್ಟೆಯ ಗೂಡಿನೊಳಗೆ, ಯಾರಿಗೂ ಕಾಣದಂತೆ, ಇಟ್ಟುಕೊಂಡಿರುತ್ತಾನೆ. ಅದು ಕಿಟಕಿಯ ಬಳಿಗೆ ಬರುವ ದಿನವೊಂದುಂಟು. ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ; ಮೇಜನ್ನು ಎಳೆಯುತ್ತಾರೆ, ಅಷ್ಟೆ. ಹೆನಿಂಗರೂ ಅದನ್ನು ದನಿಯೇರಿಸದೆ ಓದಿದ್ದಾರೆ.

ಕೇಳಬೇಕೆಂದಿರುವವರಿಗೆ ಒಂದೆರಡು ಮಾತು. ಸಮಯ ಉಳಿಸುವ ನೆವದಿಂದ ಧ್ವನಿಯ ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸಿ ಕೇಳುವ ಪದ್ಧತಿಯೊಂದು ಈಗ ಬಂದಿದೆ. ಹಾಗೆ ಮಾಡಿದರೆ ಲ್ಯೂಸಿಯ ಬೆದರಿಕೆಗಳು ಕಾಗೆಯ ಕೂಗಾಗುವುವು. ಲೈನಸನ ಮೌನಗಳು ಮಾಯವಾಗುವುವು. ಊಟವನ್ನು ಗಡಿಯಾರ ನೋಡಿಕೊಂಡು ಮಾಡುವವರಿಗೆ ಮಾತ್ರ ಅದು ಒಪ್ಪಿತು. ಇಂಗ್ಲಿಷು ತಿಳಿಯಾದುದು, ಕಾಲೇಜಿನ ಮೆಟ್ಟಿಲೇರಿದವರಿಗೆ ತೊಡಕಾಗದು. ಹನ್ನೆರಡು ಹದಿಮೂರು ದಾಟಿದ ಮಕ್ಕಳೊಡನೆ ಕುಳಿತು ಕೇಳುವುದಕ್ಕೂ ಸಂಕೋಚಪಡಬೇಕಾದುದು ಇದರಲ್ಲಿಲ್ಲ. ಸೈತಾನನ ಹೆಸರನ್ನು ತಮಾಷೆಗೆ ಎಳೆದುದು ಕ್ರೈಸ್ತ ಬಂಧುಗಳಲ್ಲಿ ಕೆಲವರಿಗೆ ಹಿತವಾಗದಿರಬಹುದು.

ಇನ್ನೊಂದು ಸಂಗತಿ. ಪುಸ್ತಕಕ್ಕೆ ಹೊದಿಕೆಯುಂಟು, ಮೇಜಿನ ಮೇಲಿಟ್ಟರೆ ಬಂದವರೆಲ್ಲರೂ ಹೆಸರನ್ನು ಓದುವರು, ಎತ್ತಿ ತಿರುವಿ ಹಾಕುವರು. ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಕಥೆಗೆ ಹೊದಿಕೆಯಿಲ್ಲ. ಬಸ್ಸಿನಲ್ಲಿಯೋ ಹಾಸ್ಟೆಲಿನ ಮಂಚದ ಮೇಲೋ ಕುಳಿತ ಹುಡುಗನೊಬ್ಬನು, ಇಲ್ಲವೆ ಹುಡುಗಿಯೊಬ್ಬಳು, ತನ್ನಂತಹವರಿಗೂ ಮನೆಯುಂಟೆಂಬ ಕಥೆಯನ್ನು ಯಾರಿಗೂ ಲೆಕ್ಕ ಕೊಡದೆ ಕೇಳಬಹುದು. ಕುರುಡರಿಗಾಗಿ ಹುಟ್ಟಿದ ಈ ಉಪಕರಣವು ಇಂತಹವರಿಗೂ ಒದಗುತ್ತಿರುವುದು ಸಂತೋಷವೇ. ಆದರೂ ಅದೇ ಕಥೆಯನ್ನು ಮನೆಯ ನಡುವೆ, ಎಲ್ಲರಿಗೂ ಕೇಳಿಸುವಂತೆ ಹಚ್ಚಿಡುವವರೊಬ್ಬರು ಆ ಮನೆಯಲ್ಲಿದ್ದರೆ, ಆ ಹುಡುಗನು ಕೊಠಡಿಯ ಬಾಗಿಲನ್ನು ಸ್ವಲ್ಪ ತೆರೆದಿಟ್ಟುಕೊಂಡಾನು.

ಕಥೆಯ ಮುಂದಿನ ಭಾಗವು 2024ರ ಸೆಪ್ಟೆಂಬರಿನಲ್ಲಿ ಹೊರಬಂದಿದೆ. ‘ಸಂವೇರ್ ಬಿಯಾಂಡ್ ದ ಸೀ’ ಎಂದು ಹೆಸರು. ಓದಿರುವವರು ಹೆನಿಂಗರೇ. ಈ ಬಾರಿ ಕಥೆಯು ಆರ್ಥರನ ಕಣ್ಣಿನಿಂದ ನಡೆಯುತ್ತದೆ, ಸರ್ಕಾರದ ಕಾಟವೂ ಮೊದಲಿಗಿಂತ ಹೆಚ್ಚು. ಮನೆಗೆ ಏಳನೆಯ ಮಗುವೊಂದು ಬಂದು ಸೇರುತ್ತದೆ. ಹಿಮದ ನಾಡಿನ ಯೇಟಿ ಕುಲದವನು, ಡೇವಿಡ್ ಎಂದು ಹೆಸರು. ಇಷ್ಟನ್ನು ನಾನು ಅತ್ತೆಯವರಿಗೆ ಫೋನಿನಲ್ಲಿ ತಿಳಿಸಿದೆನು. ಮೈತುಂಬ ಕೂದಲಿರುವ, ಸೆಖೆ ತಡೆಯಲಾರದ ಮಗುವನ್ನು ಕಡಲತೀರದ ಆ ಮನೆಯಲ್ಲಿ ಎಲ್ಲಿ ಮಲಗಿಸುತ್ತಾರೆಂದು ಅವರು ಕೂಡಲೇ ಕೇಳಿದರು.